ಸಣ್ಣ ಟೈರ್ ಹಾಕೋಕೆ ಮುಂಚೆ ರಿಮ್ ನೋಡಿ

28ರ ಟೈರ್ ಕಿತ್ತು 23ರದ್ದು ಹಾಕಿದ್ರೆ ರೋಡ್ ಬೈಕ್ ಹಾರುತ್ತೆ ಅನ್ನೋ ನಂಬಿಕೆ ಸೈಕಲ್ ಹುಚ್ಚು ಹತ್ತಿದ ನಮ್ಮಂಥವರಲ್ಲಿ ಗಟ್ಟಿಯಾಗಿದೆ. ನಾವು ಇದನ್ನು ಒಪ್ಪಲ್ಲ.

ಮೊದಲು ಅಳತೆ. ಟೈರ್ ಪಕ್ಕದಲ್ಲಿ 28-622 ಅಂತ ಅಚ್ಚಾಗಿರುತ್ತೆ. 622 ಅಂದ್ರೆ ಟೈರಿನ ಅಂಚು ರಿಮ್ಮಲ್ಲಿ ಕೂರುವ ವ್ಯಾಸ, 28 ಅದರ ಅಗಲ, ಎರಡೂ ಮಿಲಿಮೀಟರಿನಲ್ಲಿ. ರಿಮ್ಮಿನ ಮೇಲೆ 622x17 ಅಂತಿದ್ದರೆ 17 ಅದರ ಒಳಗಲ. 622 ಹೊಂದಿದರಷ್ಟೇ ಸಾಲದು, ಅಗಲವೂ ಒಪ್ಪಬೇಕು. 17ರ ರಿಮ್ಮಿಗೆ 25 ಅಥವಾ 28 ಚೆನ್ನಾಗಿ ಕೂರುತ್ತೆ. ತೀರಾ ಸಣ್ಣದು ಹಾಕಿದರೆ ಟೈರ್ ಎರಡೂ ಕಡೆ ಎಳೆದುಕೊಂಡು ಅದರ ಎತ್ತರ ತಗ್ಗುತ್ತೆ. ಗುಂಡಿಗೆ ಇಳಿದಾಗ ಏಟು ರಿಮ್ಮಿಗೇ, ಟ್ಯೂಬಿಗೆ ಎರಡು ತೂತು.

ಇನ್ನು ಸ್ಪೀಡ್. ಒತ್ತಡ ಅಂದ್ರೆ ಬಲ ಭಾಗಿಸು ವಿಸ್ತೀರ್ಣ ಅಂತ ಪರೀಕ್ಷೇಲಿ ಬರೀತೀವಲ್ಲ, ಅದನ್ನೇ ಇಲ್ಲಿ ಹಾಕೋಣ. ಹಿಂದಿನ ಚಕ್ರದ ಮೇಲೆ 45 ಕೆಜಿ ಭಾರ, 6 ಬಾರ್ ಗಾಳಿ ಇದ್ದರೆ ನೆಲ ಮುಟ್ಟುವ ಜಾಗ ಸುಮಾರು 7 ಚದರ ಸೆಂ.ಮೀ. ಟೈರ್ 23 ಇರಲಿ, 28 ಇರಲಿ, ಹೆಚ್ಚುಕಡಿಮೆ ಅಷ್ಟೇ. ಸಣ್ಣ ಟೈರಲ್ಲಿ ಆ ಜಾಗ ಉದ್ದಕ್ಕೆ ಚಾಚುತ್ತೆ, ಟೈರ್ ಹೆಚ್ಚು ಬಾಗುತ್ತೆ, ನಾವು ತುಳಿದ ಶಕ್ತಿ ಪೋಲಾಗುತ್ತೆ. ಒಂದು ಕಾಲಕ್ಕೆ 23ರಲ್ಲೇ ಓಡುತ್ತಿದ್ದ ಟೂರ್ ಡಿ ಫ್ರಾನ್ಸ್ ಸವಾರರು ಈಗ 28ರ ಆಸುಪಾಸಿಗೆ ಬಂದಿರೋದು ಸುಮ್ನೆ ಅಲ್ಲ.

ಹಾಗಂತ ಸಣ್ಣದು ಬೇಡವೇ ಬೇಡ ಅಂತಲ್ಲ. 32ರ ಟೈರ್ ಬ್ರೇಕಿಗೋ ಫ್ರೇಮಿಗೋ ಉಜ್ಜುತ್ತಿದ್ದರೆ 28ಕ್ಕೆ ಇಳಿಯೋದು ಸರಿಯೇ. ಆದರೆ ರಿಮ್ ಒಪ್ಪುವಷ್ಟು ಮಾತ್ರ ಇಳಿಯೋಣ. ಅಂಗಡೀಲಿ ದುಡ್ಡು ಕೊಡೋ ಮುಂಚೆ ರಿಮ್ಮಿನ ನಂಬರ್ ಓದಿಕೊಂಡು ಹೋಗಿ.