ಅಣುವೋ, ಪರಮಾಣುವೋ? ಒಂದು ಕಳೆಯುವ ಲೆಕ್ಕ



ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನಲ್ಲಿ ಕನ್ನಡ ಶಾಲೆಗಳಿವೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದೇ ಇಲ್ಲ. ಉಮದಿ, ಸಂಖದಂಥ ಊರುಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಪುಣೆಯ ಬಾಲಭಾರತಿ ಸಂಸ್ಥೆ ಈ ಮಕ್ಕಳಿಗಾಗಿ ಕನ್ನಡದಲ್ಲೇ ಪಠ್ಯಪುಸ್ತಕ ಮುದ್ರಿಸುತ್ತದೆ. ಹತ್ತನೆಯ ತರಗತಿಯ ನಂತರ ವಿಜ್ಞಾನ ಬೇಕೆಂದರೆ ಇಂಗ್ಲಿಷ್. ಅಂದರೆ ಈ ಮಕ್ಕಳು ಒಂದೇ ಪಾಠವನ್ನು ಮೂರು ಭಾಷೆಗಳ ನಡುವೆ ಕಲಿಯಬೇಕು.

ಇಲ್ಲೊಂದು ತೊಡಕಿದೆ. ಆಟಮ್‌ಗೆ ಮರಾಠಿಯಲ್ಲಿ 'ಅಣು', ಮಾಲಿಕ್ಯೂಲ್‌ಗೆ 'ರೇಣು'. ನಮ್ಮ ವಿಜ್ಞಾನ ಪುಸ್ತಕಗಳಲ್ಲಿ ಆಟಮ್ 'ಪರಮಾಣು', ಮಾಲಿಕ್ಯೂಲ್ 'ಅಣು'. ಈಗ ಕೇಳಿ: ಆಮ್ಲಜನಕದ ಅಣುವಿನಲ್ಲಿ ಎಷ್ಟು ಪ್ರೋಟಾನ್‌ಗಳಿವೆ? ಮರಾಠಿ ಓದಿದ ಹುಡುಗ 8 ಎಂದರೆ ಅದು ಸರಿ. ಕನ್ನಡ ಓದಿದ ಹುಡುಗಿ 16 ಎಂದರೆ ಅದೂ ಸರಿ, ಏಕೆಂದರೆ ಅವಳ ಅಣುವಿನಲ್ಲಿ ಎರಡು ಪರಮಾಣುಗಳಿವೆ. ಯಾರನ್ನು ಬೈಯೋಣ? ನಾವಾದರೂ ಆಟಮ್ ಬಾಂಬಿಗೆ 'ಅಣುಬಾಂಬು' ಎಂದೇ ಹೇಳುತ್ತೇವಲ್ಲ!

ಗಡಿಯಲ್ಲಿರುವ ತಂದೆತಾಯಂದಿರೇ, ಮಗು ತಪ್ಪು ಉತ್ತರ ಬರೆದರೆ ಮೊದಲು ಪ್ರಶ್ನೆಯಲ್ಲಿ ಯಾವ ಅಣು ಇದೆ ಎಂದು ನೋಡಿ.

ಹೆಸರು ಸರಿಯಾದರೆ ಲೆಕ್ಕ ಸುಲಭ. ಅಡುಗೆ ಉಪ್ಪಿನಲ್ಲಿರುವ ಸೋಡಿಯಂ ತೆಗೆದುಕೊಳ್ಳಿ. ಚಿಹ್ನೆಯ ಎಡಕ್ಕೆ ಕೆಳಗೆ 11, ಮೇಲೆ 23 ಎಂದಿರುತ್ತದೆ. ಕೆಳಗಿನದು ಪರಮಾಣು ಸಂಖ್ಯೆ, ಅಂದರೆ ಪ್ರೋಟಾನ್‌ಗಳು 11. ಪರಮಾಣು ತಟಸ್ಥವಾಗಿದ್ದರೆ ಧನ ಆವೇಶದಷ್ಟೇ ಋಣ ಆವೇಶ ಇರಲೇಬೇಕು. ಆದ್ದರಿಂದ ಎಲೆಕ್ಟ್ರಾನ್‌ಗಳೂ 11. ಮೇಲಿನ 23 ರಾಶಿ ಸಂಖ್ಯೆ, ಅದು ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳ ಮೊತ್ತ. 23ರಿಂದ 11 ಕಳೆದರೆ 12, ಅವೇ ನ್ಯೂಟ್ರಾನ್‌ಗಳು. ಎರಡನೆಯ ತರಗತಿಯ ಮಗು ಮಾಡುವ ಈ ಕಳೆಯುವ ಲೆಕ್ಕದ ಅರ್ಥ ತಿಳಿಯಲು ದೊಡ್ಡ ವಿಜ್ಞಾನಿಗಳೇ 1932ರವರೆಗೆ ಕಾಯಬೇಕಾಯಿತು. ಜೇಮ್ಸ್ ಚಾಡ್ವಿಕ್ ನ್ಯೂಟ್ರಾನನ್ನು ಕಂಡುಹಿಡಿದದ್ದು ಆಗಲೇ.

ಮಕ್ಕಳು ಎಡವುವುದು ಕ್ಲೋರಿನ್ ಬಂದಾಗ. ಪುಸ್ತಕದ ಕೋಷ್ಟಕದಲ್ಲಿ 17 ಮತ್ತು 35.5 ಎಂದಿರುತ್ತದೆ. ಕಳೆದರೆ 18.5 ನ್ಯೂಟ್ರಾನ್! ಅರ್ಧ ನ್ಯೂಟ್ರಾನ್ ಎಲ್ಲಿಂದ ಬಂತು? ಎಲ್ಲಿಂದಲೂ ಬಂದಿಲ್ಲ. 35.5 ಎಂಬುದು ರಾಶಿ ಸಂಖ್ಯೆಯೇ ಅಲ್ಲ, ಸರಾಸರಿ. ಪ್ರಕೃತಿಯಲ್ಲಿ ಸಿಗುವ ಕ್ಲೋರಿನ್‌ನ ನೂರು ಪರಮಾಣುಗಳಲ್ಲಿ ಸುಮಾರು 76ರ ರಾಶಿ ಸಂಖ್ಯೆ 35, ಉಳಿದ 24ರದು 37. ಮೊದಲನೆಯವುಗಳಲ್ಲಿ 18 ನ್ಯೂಟ್ರಾನ್, ಎರಡನೆಯವುಗಳಲ್ಲಿ 20. ಇವೇ ಸಮಸ್ಥಾನಿಗಳು. ನಾಲ್ಕು ಮನೆಗಳಿಗೆ ಒಟ್ಟು ಹತ್ತು ಮಕ್ಕಳಾದರೆ ಸರಾಸರಿ ಎರಡೂವರೆ. ಹಾಗೆಂದು ಯಾರ ಮನೆಯಲ್ಲೂ ಅರ್ಧ ಮಗು ಇರುವುದಿಲ್ಲ, ಅಲ್ಲವೇ?

ಇನ್ನೊಂದು ಮಾತು. 'ತಟಸ್ಥ' ಎಂಬ ಪದವನ್ನು ಮಕ್ಕಳು ಓದದೇ ಹಾರಿಸಿಬಿಡುತ್ತಾರೆ. ಉಪ್ಪಿನೊಳಗೆ ಸೋಡಿಯಂ ತನ್ನ ಒಂದು ಎಲೆಕ್ಟ್ರಾನನ್ನು ಕ್ಲೋರಿನ್‌ಗೆ ಬಿಟ್ಟುಕೊಟ್ಟಿರುತ್ತದೆ. ಅಲ್ಲಿ ಅದರ ಎಲೆಕ್ಟ್ರಾನ್ 10, ಕ್ಲೋರಿನ್‌ನದು 18. ಪ್ರೋಟಾನ್‌ಗಳು ಮಾತ್ರ ಕದಲುವುದಿಲ್ಲ. 11 ಇದ್ದರೆ ಅದು ಸೋಡಿಯಂ, 12 ಆದರೆ ಮೆಗ್ನೀಸಿಯಂ.

ಈ ತಿಂಗಳ ಪ್ರಶ್ನೆ ಜತ್ತದ ದ್ರಾಕ್ಷಿ ತೋಟದಿಂದ. ಅಲ್ಲಿ ಪೊಟ್ಯಾಶ್ ಗೊಬ್ಬರ ಹಾಕುತ್ತಾರೆ. ಪೊಟ್ಯಾಶಿಯಂನ ಪರಮಾಣು ಸಂಖ್ಯೆ 19, ರಾಶಿ ಸಂಖ್ಯೆ 39. ಅದರ ತಟಸ್ಥ ಪರಮಾಣುವಿನಲ್ಲಿ ಮೂರೂ ಕಣಗಳು ಎಷ್ಟೆಷ್ಟು? ಸೋಡಿಯಂನಂತೆಯೇ ಒಂದು ಎಲೆಕ್ಟ್ರಾನ್ ಕಳೆದುಕೊಂಡು ಗೊಬ್ಬರದ ಚೀಲದಲ್ಲಿ ಕುಳಿತ ಪೊಟ್ಯಾಶಿಯಂನಲ್ಲಿ ಎಷ್ಟು? ಮಕ್ಕಳು ಬರೆಯಲಿ, ದೊಡ್ಡವರು ಪಕ್ಕದಲ್ಲಿ ಕುಳಿತಿರಿ. ಉತ್ತರ ಮುಂದಿನ ಸಂಚಿಕೆಯಲ್ಲಿ.