ಸ್ಥಾಪನೆಯೂ ವಿಸರ್ಜನೆಯೂ

ಗಣಪತಿಯನ್ನು ಕೂರಿಸುವವರು ವಿಸರ್ಜನೆಯ ದಿನವನ್ನು ಮೊದಲೇ ಗೊತ್ತುಮಾಡಿಕೊಂಡಿರುತ್ತಾರೆ. ಲಿನಕ್ಸ್ ಗಣಕಯಂತ್ರದಲ್ಲಿ ಡ್ರೈವರ್ ಸ್ಥಾಪಿಸುವ ನಮ್ಮ ಮಿತ್ರರಲ್ಲಿ ಈ ವಿವೇಕ ಅಷ್ಟಾಗಿ ಕಾಣಬರುವುದಿಲ್ಲವೆಂದು ನಾನು ವಿಷಾದದಿಂದ ಹೇಳಬೇಕಾಗಿದೆ.

ಡ್ರೈವರ್ ಎಂದರೆ ಪ್ರಿಂಟರ್, ವೈಫೈ ಮೊದಲಾದ ಸಾಧನಗಳಿಗೂ ವ್ಯವಸ್ಥೆಯ ತಿರುಳಾದ ಕರ್ನೆಲ್‌ಗೂ ನಡುವಣ ದುಭಾಷಿ. ವೈಫೈ ಹಿಡಿಯದಿದ್ದರೆ ನಾವು ಎಲ್ಲಿಂದಲೋ ಮೂಲಸಂಕೇತವನ್ನು ತಂದು 'ಮೇಕ್ ಇನ್‌ಸ್ಟಾಲ್' ಎಂದುಬಿಡುತ್ತೇವೆ. ಕೆಲಸವೇನೋ ಆಗುತ್ತದೆ. ಆದರೆ ಆ ಕಡತಗಳು ಎಲ್ಲೆಲ್ಲಿ ಹೋಗಿ ಕುಳಿತವೆಂಬ ಲೆಕ್ಕ ವ್ಯವಸ್ಥೆಯ ದಫ್ತರದಲ್ಲಿ ಇರುವುದಿಲ್ಲ. ಒಂದು ಕರ್ನೆಲ್‌ಗೆಂದು ಕಟ್ಟಿದ ಡ್ರೈವರ್, ಕರ್ನೆಲ್ ಹೊಸದಾದಾಗ ಸಾಮಾನ್ಯವಾಗಿ ಕೆಲಸಕ್ಕೆ ಬಾರದು. ಡಿಕೆಎಂಎಸ್‌ನಲ್ಲಿ ನೋಂದಾಯಿಸಿದ್ದರೆ ಮಾತ್ರ ಅದು ಪುನಃ ತಾನಾಗಿ ಸಿದ್ಧವಾಗುತ್ತದೆ.

1993ರಿಂದ ನಡೆದುಬಂದಿರುವ ಡೆಬಿಯನ್‌ನಲ್ಲಾಗಲಿ, ಅದರಿಂದ ಹುಟ್ಟಿದ ಉಬುಂಟುವಿನಲ್ಲಾಗಲಿ 'ಆಪ್ಟ್' ಮೂಲಕ ತಂದ ಕಡತಗಳಿಗೆ ಲೆಕ್ಕವುಂಟು. 'ರಿಮೂವ್' ಎಂದರೆ ಡ್ರೈವರ್ ಹೋಗಿ ಅದರ ಸಂರಚನಾ ಕಡತಗಳು ಉಳಿಯುತ್ತವೆ. 'ಪರ್ಜ್' ಎಂದರೆ ಅವೂ ಹೋಗುತ್ತವೆ. ಈ ಭೇದವನ್ನು ಅರಿಯದೆ ಮರಳಿ ಸ್ಥಾಪಿಸುವವನಿಗೆ ಹಳೆಯ ದೋಷವೇ ಮರಳಿ ಎದುರಾಗಬಹುದು.

ಇದು ಗುಮಾಸ್ತಿಕೆಯೆಂದು ಹಳಿಯುವವರುಂಟು. ಮುಕ್ತ ತಂತ್ರಾಂಶದಲ್ಲಿ ಯಾರು ಏನನ್ನಾದರೂ ಹಾಕಬಹುದಲ್ಲವೇ ಎನ್ನುತ್ತಾರೆ. ಹಾಕಬಹುದು, ನಿಜ. ಆದರೆ ಪ್ರಯೋಗಶಾಲೆಯ ಯಂತ್ರ ಒಬ್ಬನ ಸ್ವತ್ತಲ್ಲ. ಇಂದು ನಾವು ಬಿಟ್ಟುಹೋದ ಕಸವನ್ನು ಗುಡಿಸುವವನು ಮುಂದಿನ ವರ್ಷದ ವಿದ್ಯಾರ್ಥಿ. ಆದುದರಿಂದ ಡ್ರೈವರನ್ನು ತೆಗೆಯುವ ಬಗೆಯನ್ನು ತಿಳಿದು, ಬರೆದಿಟ್ಟ ಮೇಲೆಯೇ ಹಾಕತಕ್ಕದ್ದೆಂಬುದು ನನ್ನ ನಮ್ರ ಅಭಿಪ್ರಾಯ.