ಸೈಕಲ್ಲಿನವನನ್ನು ಕೇಳುವುದಾದರೆ ಕನ್ನಡದಲ್ಲಿ ಕೇಳಿ!



ಹೋದ ದೀಪಾವಳಿಗೆ ಬೆಂಗಳೂರಿನಿಂದ ಊರಿಗೆ ಬಂದ ನಮ್ಮ ಅಲಖನೂರದ ಹುಡುಗನೊಬ್ಬ ಎಡಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ನನ್ನ ಪ್ರಿಂಟಿಂಗ್ ಪ್ರೆಸ್ಸಿಗೆ ಬಂದ. ಬೆಂಗಳೂರಿನಲ್ಲಿ ಅವನದು ಸೆಕ್ಯುರಿಟಿ ಕೆಲಸ, ರಾತ್ರಿ ಪಾಳಿ. ಕೋಣೆಯಿಂದ ಕೆಲಸದ ಜಾಗಕ್ಕೆ ಏಳು ಕಿಲೋಮೀಟರ್. ಹೋಗುವುದೂ ಬರುವುದೂ ಸೈಕಲ್ ಮೇಲೆಯೇ. ಒಂದು ರಾತ್ರಿ ರಸ್ತೆ ಬದಿಯ ಚರಂಡಿಯ ಚಪ್ಪಡಿ ಸರಿದಿದ್ದು ಕತ್ತಲಲ್ಲಿ ಕಾಣಲಿಲ್ಲ. ಬಿದ್ದ, ಕೈ ಮುರಿಯಿತು.

“ಕಾಕಾ, ಇದನ್ನೊಂದಿಷ್ಟು ಓದಿ ಹೇಳ್ರಿ” ಎಂದು ಫೋನು ಕೈಗೆ ಕೊಟ್ಟ. ಬಿದ್ದ ಮೇಲೆ ಅವನು ಸುಮ್ಮನೆ ಕೂತಿರಲಿಲ್ಲ. ಸಾರ್ವಜನಿಕರು ದೂರು ಕೊಡುವ ಒಂದು ವೆಬ್‌ಸೈಟ್ ಹುಡುಕಿದ್ದ. ಅದು ಪೂರ್ತಿ ಇಂಗ್ಲಿಷಿನಲ್ಲಿತ್ತು. ಆದರೂ ಹೇಗೋ ಮಾಡಿ ನಾಲ್ಕು ಸಾಲು ಕನ್ನಡದಲ್ಲಿ ಬರೆದಿದ್ದ: ಪೆಟ್ರೋಲ್ ಬಂಕ್ ದಾಟಿ ಬಸ್ ನಿಲ್ದಾಣದ ಮುಂದೆ ಚಪ್ಪಡಿ ಸರಿದಿದೆ, ಸರಿ ಮಾಡಿಸಿ, ಇನ್ನೊಬ್ಬರು ಬೀಳುತ್ತಾರೆ. ಅದಕ್ಕೆ ಇಂಗ್ಲಿಷಿನಲ್ಲಿ ಎರಡು ಸಾಲಿನ ಉತ್ತರ ಬಂದಿತ್ತು. ನಾನು ಓದಿದ್ದು ಪಿಯುಸಿ. ಎರಡೆರಡು ಸಲ ಓದಿ ಅರ್ಥ ಮಾಡಿಕೊಂಡೆ. ಮಾಹಿತಿ ಸ್ಪಷ್ಟವಾಗಿಲ್ಲವಂತೆ, ಆದ್ದರಿಂದ ದೂರನ್ನು ಮುಕ್ತಾಯ ಮಾಡಲಾಗಿದೆಯಂತೆ!

ಮಾಹಿತಿ ಸ್ಪಷ್ಟವಾಗಿರಲಿಲ್ಲವೋ, ಕನ್ನಡದಲ್ಲಿತ್ತೋ? ನೀವೇ ಹೇಳಿ.

ಸೈಕಲ್ ಯಾರದು, ಅಭಿಪ್ರಾಯ ಯಾರದು?

ನಗರಗಳಲ್ಲಿ ಈಗ ಸೈಕಲ್ಲಿಗೆ ಮತ್ತೆ ಮರ್ಯಾದೆ ಬಂದಿದೆ. ಸಂತೋಷ. ಮೈಸೂರಿನಲ್ಲಿ 2017ರ ಜೂನಿನಲ್ಲಿ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ಯೋಜನೆ 450 ಸೈಕಲ್ಲುಗಳೊಂದಿಗೆ ಶುರುವಾಯಿತು. ಹೆಸರೇ ಎಷ್ಟು ಚೆಂದ! ಬೆಲ್ಲಿನ ಸದ್ದನ್ನೇ ಹೆಸರಾಗಿಸಿದ್ದರಿಂದ ಅದು ಹಣ್ಣಿನ ಗಾಡಿಯವನಿಗೂ ಗೊತ್ತು, ಪ್ರೊಫೆಸರಿಗೂ ಗೊತ್ತು. ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ ಕೊರೋನಾ ಕಾಲದಲ್ಲಿ, 2020ರಲ್ಲಿ, ತಾತ್ಕಾಲಿಕ ಸೈಕಲ್ ಪಥ ಬಂತು. ಆಮೇಲೆ ಅದೇ ರಸ್ತೆಗೆ ಮೆಟ್ರೋ ಕಾಮಗಾರಿ ಬಂತು. ಸೈಕಲ್ ಪಥದ ಗತಿ ಏನಾಯಿತೆಂದು ಅಲ್ಲಿ ದಿನಾ ತುಳಿಯುವವರನ್ನೇ ಕೇಳಿ.

ನಮ್ಮ ಜಿಲ್ಲೆಯ ಬೆಳಗಾವಿ 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ನಗರಗಳ ಪಟ್ಟಿಯಲ್ಲೇ ಬಂತು. ಆ ಸ್ಪರ್ಧೆಯಲ್ಲಿ ಜನರ ಅಭಿಪ್ರಾಯ ಕೇಳಿದ್ದಕ್ಕೂ ಅಂಕವಿತ್ತು. ಇಂಟರ್ನೆಟ್ಟಿನಲ್ಲೂ ಅಭಿಪ್ರಾಯ ಸಂಗ್ರಹಿಸಿದರು. ಹಾಗೆ ಅಭಿಪ್ರಾಯ ಕೊಟ್ಟವರಲ್ಲಿ ಬೆಳಗಿನ ಐದಕ್ಕೆ ಹಾಲಿನ ಕ್ಯಾನು ಕಟ್ಟಿಕೊಂಡು ಸೈಕಲ್ ತುಳಿಯುವವನು ಎಷ್ಟನೆಯವನು? ಪೇಪರ್ ಹಾಕುವ ಹುಡುಗ ಎಷ್ಟನೆಯವನು?

2011ರ ಜನಗಣತಿಯಲ್ಲಿ ಜನ ಕೆಲಸಕ್ಕೆ ಹೇಗೆ ಹೋಗುತ್ತಾರೆಂದು ಕೇಳಿದ್ದರು. ಹೊಲದ ಕೆಲಸ ಮತ್ತು ಗೃಹ ಕೈಗಾರಿಕೆ ಬಿಟ್ಟು ಬೇರೆ ಕೆಲಸಕ್ಕೆ ಹೋಗುವವರಲ್ಲಿ ದೇಶದ ಲೆಕ್ಕದಲ್ಲಿ ನೂರಕ್ಕೆ ಸುಮಾರು 13 ಜನ ಸೈಕಲ್ಲಿನವರು. ಇವರು ಹೆಲ್ಮೆಟ್ ಹಾಕಿಕೊಂಡು ಭಾನುವಾರ ನಂದಿಬೆಟ್ಟ ಹತ್ತುವವರಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ, ಸೈಕಲ್ ಪಥ ಬೇಕೆಂದು ಮೊದಲು ಕೂಗಿದವರಲ್ಲಿ ಅವರೂ ಇದ್ದಾರೆ. ಆದರೆ ಹೊಟ್ಟೆಪಾಡಿಗೆ ತುಳಿಯುವವನು ಗಾರೆ ಕೆಲಸದವನು, ವಾಚ್‌ಮನ್, ಗಾರ್ಮೆಂಟ್ ಕಾರ್ಖಾನೆಯವನು. ಅವನಿಗೆ ಇಂಗ್ಲಿಷ್ ಬಾರದು. ವೆಬ್‌ಸೈಟಿಗೆ ಕನ್ನಡ ಬಾರದು. ಹಾಗಾದರೆ ಅಲ್ಲಿ ಕೇಳಿದ್ದು ಯಾರನ್ನು?

“ಬೆಂಗಳೂರಿನಲ್ಲಿ ಎಲ್ಲ ಭಾಷೆಯವರೂ ಇದ್ದಾರೆ, ಅದಕ್ಕೇ ಇಂಗ್ಲಿಷ್” ಎನ್ನುವವರಿದ್ದಾರೆ. ಇದು ಸುಳ್ಳು ನೆಪ. ಒಡಿಶಾದಿಂದ ಬಂದ ಗಾರೆಯವನಿಗೆ ಇಂಗ್ಲಿಷ್ ಬರುತ್ತದೆಯೇ? ನಾಲ್ಕು ವರ್ಷ ಇಲ್ಲಿ ದುಡಿದರೆ ಅವನಿಗೆ ಬರುವುದು ಕನ್ನಡ. ನಾವು ಗಡಿಯವರು. ಒಂದೇ ಓಣಿಯಲ್ಲಿ ಕನ್ನಡವನ್ನೂ ಮರಾಠಿಯನ್ನೂ ಕೇಳುತ್ತ ಬೆಳೆದವರು. ಬಡವನ ಬಾಯಲ್ಲಿ ಯಾವ ಭಾಷೆ ಇರುತ್ತದೆಂದು ನಮಗೆ ಯಾರೂ ಪಾಠ ಹೇಳಬೇಕಿಲ್ಲ.

ಬೋರ್ಡಿಗೆ 60, ವೆಬ್‌ಸೈಟಿಗೆ ಎಷ್ಟು?

2014ರ ನವೆಂಬರ್ 1ರಂದು ಬೆಳಗಾಂ ಬೆಳಗಾವಿಯಾಯಿತು, ಪಟಾಕಿ ಹೊಡೆದೆವು. 2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಬೀದಿಗಿಳಿದು ಅಂಗಡಿ ಬೋರ್ಡುಗಳಲ್ಲಿ ಕನ್ನಡ ಕೇಳಿದೆವು. 2024ರಲ್ಲಿ ಕಾನೂನು ತಿದ್ದುಪಡಿಯಾಗಿ ನಾಮಫಲಕದಲ್ಲಿ ನೂರಕ್ಕೆ 60 ಪಾಲು ಕನ್ನಡ ಕಡ್ಡಾಯವಾಯಿತು. ಒಳ್ಳೆಯದೇ ಆಯಿತು. ಆದರೆ ಬೋರ್ಡು ಓದುವುದಕ್ಕೆ ಮಾತ್ರ. ವೆಬ್‌ಸೈಟಿನಲ್ಲಿ ನಾವು ಬರೆಯಬೇಕು, ಕೇಳಬೇಕು, ಜಗಳ ತೆಗೆಯಬೇಕು. ನಗರ ಹೇಗಿರಬೇಕೆಂಬ ತೀರ್ಮಾನ ಅಲ್ಲಿ ಆಗುತ್ತಿದೆ. ಬೀದಿಯ ಬೋರ್ಡಿಗೆ ಮಸಿ ಬಳಿಯಬಹುದು, ಪರದೆಯ ಮೇಲಿನ ಇಂಗ್ಲಿಷಿಗೆ ಬಳಿಯುವ ಮಸಿ ಎಲ್ಲಿದೆ? ಅಲ್ಲಿ ಬೇಕಾದದ್ದು ಕಟ್ಟುವ ಕೈ.

ಹೊರದೇಶದವರು ಏನು ಮಾಡಿದ್ದಾರೆ ನೋಡಿ. ಇಂಗ್ಲೆಂಡಿನಲ್ಲಿ 2007ರಲ್ಲಿ ‘ಫಿಕ್ಸ್ ಮೈ ಸ್ಟ್ರೀಟ್’ ಎಂಬ ವೆಬ್‌ಸೈಟ್ ಬಂತು. ನಕ್ಷೆಯ ಮೇಲೆ ಗುಂಡಿ ಇರುವ ಜಾಗ ಒತ್ತಿ, ಎರಡು ಸಾಲು ಬರೆದರೆ ದೂರು ಸ್ಥಳೀಯ ಆಡಳಿತಕ್ಕೆ ಹೋಗುತ್ತದೆ, ಊರಿಗೆಲ್ಲ ಕಾಣುತ್ತದೆ. ಅದೇ ತಂತ್ರಾಂಶವನ್ನು ನಾರ್ವೆಯವರು ತೆಗೆದುಕೊಂಡು 2011ರಲ್ಲಿ ತಮ್ಮ ಭಾಷೆಯಲ್ಲಿ, ತಮ್ಮ ಭಾಷೆಯದೇ ಹೆಸರಿಟ್ಟು ತೆರೆದರು. ಆಗ ಆ ದೇಶದ ಜನಸಂಖ್ಯೆ ಸುಮಾರು 50 ಲಕ್ಷ. ಅದೇ ವರ್ಷದ ನಮ್ಮ ಜನಗಣತಿಯಲ್ಲಿ ಕನ್ನಡ ಮಾತೃಭಾಷೆಯವರು 4 ಕೋಟಿ 37 ಲಕ್ಷ! ನಾವೇನು ಕಡಿಮೆ ಮಂದಿಯೇ?

ನೆದರ್ಲೆಂಡ್ಸ್ ಎಂದರೆ ಈಗ ಸೈಕಲ್ಲಿನ ಸ್ವರ್ಗ. 1971ರಲ್ಲಿ ಅಲ್ಲಿನ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮಗಳನ್ನು ಕಳೆದುಕೊಂಡ ಪತ್ರಕರ್ತನೊಬ್ಬ 1972ರಲ್ಲಿ ಪತ್ರಿಕೆಯಲ್ಲಿ ತನ್ನ ಭಾಷೆಯಲ್ಲಿ ಬರೆದ, ‘ಮಕ್ಕಳ ಕೊಲೆ ನಿಲ್ಲಿಸಿ’ ಎಂದು. ತಾಯಂದಿರು ಬೀದಿಗಿಳಿದರು. ಅಲ್ಲಿನ ಸೈಕಲ್ ಪಥಗಳ ಹಿಂದೆ ಆ ಕೂಗಿದೆ. ಆ ತಂದೆ ಮೊದಲು ಇಂಗ್ಲಿಷ್ ಕಲಿತು ಆಮೇಲೆ ದುಃಖ ಹೇಳಿಕೋ ಎಂದಿದ್ದರೆ ಏನಾಗುತ್ತಿತ್ತು?

ಹೀಗಿರಲಿ ನಮ್ಮ ವೆಬ್‌ಸೈಟು

ಅಕ್ಷರ ಜೋಡಿಸಿ ಅನ್ನ ತಿನ್ನುವವನು ನಾನು. ನನಗೆ ತಿಳಿದಷ್ಟು ಹೇಳುತ್ತೇನೆ.

ಒಂದು, ಮೊದಲ ಪುಟವೇ ಕನ್ನಡದಲ್ಲಿ ತೆರೆಯಬೇಕು. ಮೂಲೆಯಲ್ಲೊಂದು ‘ಕನ್ನಡ’ ಗುಂಡಿ ಇಟ್ಟು, ಒತ್ತಿದರೆ ಅರ್ಧ ಪುಟ ಇಂಗ್ಲಿಷೇ ಉಳಿಯುವ ನಾಟಕ ಬೇಡ. ಯಂತ್ರದ ಬಾಯಿಗೆ ಹಾಕಿ ತೆಗೆದ ಕನ್ನಡವೂ ಬೇಡ. ‘ಸಲ್ಲಿಸು’ ಎಂದು ಗದರುವ ಬದಲು ‘ದೂರು ಕಳಿಸಿ’ ಎಂದಿರಲಿ.

ಎರಡು, ಅಕ್ಷರ ಯೂನಿಕೋಡಿನಲ್ಲಿರಲಿ. ಕಚೇರಿಯವರು ಹಳೆಯ ಫಾಂಟಿನಲ್ಲಿ ಟೈಪು ಮಾಡಿ ನನಗೆ ಕಳಿಸಿದ್ದು ಬೇರೆ ಕಂಪ್ಯೂಟರಿನಲ್ಲಿ ಚಿತ್ರವಿಚಿತ್ರ ಗುರುತುಗಳಾಗಿ ಕಾಣುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ರೂಪ ಕೂರಿಸಿದವು. ಫಾಂಟು ಇಲ್ಲದ ಕಡೆ ಕನ್ನಡವೇ ಇಲ್ಲ! 1991ರ ಮೊದಲ ಆವೃತ್ತಿಯಲ್ಲೇ ಯೂನಿಕೋಡಿಗೆ ಕನ್ನಡ ಸೇರಿದೆ. ಇನ್ನೂ ಕನ್ನಡವನ್ನು ಫೋಟೋ ಮಾಡಿ ಅಂಟಿಸಿದರೆ ಅದನ್ನು ಹುಡುಕಲು ಆಗದು, ಕಣ್ಣು ಕಾಣದವರಿಗೆ ಫೋನು ಓದಿ ಹೇಳಲೂ ಆಗದು.

ಮೂರು, ಬರೆಯಲು ಬಾರದವನು ಮಾತಾಡಲಿ. ಫೋನಿನಲ್ಲಿ ಅರ್ಧ ನಿಮಿಷದ ಧ್ವನಿ, ಒಂದು ಫೋಟೋ, ಅಷ್ಟು ಸಾಕು. ಅವನು ಆಡಿದ ಮಾತು ಕಲಬುರಗಿಯದಾಗಲಿ, ಕುಂದಾಪುರದ್ದಾಗಲಿ, ನಮ್ಮ ರಾಯಬಾಗದ್ದಾಗಲಿ, ಕೇಳಿ ತಿಳಿದುಕೊಳ್ಳುವವನು ಆ ಕುರ್ಚಿಯಲ್ಲಿರಬೇಕು.

ನಾಲ್ಕು, ನಕ್ಷೆಯಲ್ಲಿ ಜನರ ಬಾಯಲ್ಲಿರುವ ಹೆಸರು ಇರಲಿ. ಅರಳಿಕಟ್ಟೆ, ಹಳೇ ಸಂತೆ ಮೈದಾನ, ಮಾರಮ್ಮನ ಗುಡಿ ಎಂದರೆ ಜಾಗ ಗೊತ್ತಾಗುತ್ತದೆ. ಚಪ್ಪಡಿ ಸರಿದ ಜಾಗವನ್ನು ನಮ್ಮ ಹುಡುಗ ಸರಿಯಾಗಿಯೇ ಹೇಳಿದ್ದ. ಅದನ್ನು ಹಿಡಿದುಕೊಳ್ಳುವ ನಕ್ಷೆ ಅಲ್ಲಿರಲಿಲ್ಲ.

ಐದು, ಟೆಂಡರ್ ಆದ ಮೇಲೆ ಅಭಿಪ್ರಾಯ ಕೇಳುವುದು ಮದುವೆ ಮುಗಿದ ಮೇಲೆ ಜಾತಕ ನೋಡಿದಂತೆ. ಪಥದ ನಕ್ಷೆ ಬರೆದಾಗಲೇ ತೋರಿಸಿ, ಕೇಳಿ, ತಿದ್ದಿ, ಆಮೇಲೆ ಟೆಂಡರ್ ಕರೆಯಿರಿ. ಯಾರು ಏನು ಹೇಳಿದರು, ಯಾವುದನ್ನು ಒಪ್ಪಿದರು, ಯಾವುದನ್ನು ಏಕೆ ಬಿಟ್ಟರು ಎಂಬುದು ತಾರೀಖಿನ ಸಮೇತ ಕನ್ನಡದಲ್ಲಿ ಎಲ್ಲರಿಗೂ ಕಾಣಲಿ. ರಿಪೇರಿಯ ಫೋಟೋ ಹಾಕದೆ ಯಾವ ದೂರನ್ನೂ ಮುಚ್ಚಬಾರದು.

ಆರು, ಕಾಗದವನ್ನು ಬಿಡಬೇಡಿ. ಪ್ರೆಸ್ಸಿನವನು ಇದನ್ನು ಹೇಳದಿದ್ದರೆ ಹೇಗೆ! ಪಂಕ್ಚರ್ ಅಂಗಡಿಯಲ್ಲಿ ಒಂದು ಹಾಳೆಯ ಅರ್ಜಿ ಇರಲಿ. ಸೈಕಲ್ಲಿನ ಕಷ್ಟಸುಖ ಪಂಕ್ಚರ್ ಅಂಗಡಿಯವನಿಗೆ ಗೊತ್ತಿದ್ದಷ್ಟು ಇಂಜಿನಿಯರಿಗೂ ಗೊತ್ತಿರದು. ವಾರಕ್ಕೊಮ್ಮೆ ನಿಮ್ಮಂಥ ಹುಡುಗರು ಹೋಗಿ ಹಾಳೆಗಳನ್ನು ತಂದು ವೆಬ್‌ಸೈಟಿಗೆ ಏರಿಸಿ.

ಈಗ ನಿಮ್ಮ ಸರದಿ

ಇದನ್ನೆಲ್ಲ ಯಾರು ಮಾಡಬೇಕು? ಸರ್ಕಾರ ಮಾಡಲೇಬೇಕು, ಬಿಡಬೇಡಿ. ಆದರೆ ಕಾಯುತ್ತ ಕೂರಬೇಡಿ. ಹೊರ ವರ್ತುಲ ರಸ್ತೆಯ ಆ ಗಾಜಿನ ಕಟ್ಟಡಗಳ ಒಳಗೆ ಜಗತ್ತಿಗೆಲ್ಲ ಸಾಫ್ಟ್‌ವೇರ್ ಬರೆಯುವವರು ನೀವು. ಅದೇ ಕಟ್ಟಡದ ಗೇಟಿನಲ್ಲಿ ರಾತ್ರಿಯೆಲ್ಲ ನಿಂತು ನಿಮಗೆ ನಮಸ್ಕಾರ ಹೊಡೆಯುವವನು ಮನೆಗೆ ಸೈಕಲ್ ಮೇಲೆ ಹೋಗುತ್ತಾನೆ. ಅವನಿಗಾಗಿ ತಿಂಗಳಿಗೆ ಎರಡು ಭಾನುವಾರ ಕೊಡಲಾಗದೇ? ಒಂದು ವಾರ್ಡಿನಿಂದ ಶುರು ಮಾಡಿ. ನೂರು ಸೈಕಲ್ಲಿನವರನ್ನು ನಿಲ್ಲಿಸಿ ಕನ್ನಡದಲ್ಲಿ ಮಾತಾಡಿಸಿ. ಅವರು ಹೇಳಿದ್ದನ್ನು ನಕ್ಷೆಗೆ ಹಾಕಿ, ಪ್ರಿಂಟು ತೆಗೆದು ಅಧಿಕಾರಿಯ ಮೇಜಿನ ಮೇಲಿಡಿ. ಕನ್ನಡದಲ್ಲೇ ಉತ್ತರ ಕೇಳಿ.

ಅಲ್ಲಿ ಗೆದ್ದರೆ ಇಲ್ಲಿಗೂ ಬರುತ್ತದೆ. 2006-07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟಿತು. ಕೊರೋನಾ ಬಂದ ಮೇಲೆ ಅದು ನಿಂತಿತು. ಸೈಕಲ್ ಕೊಟ್ಟ ಸರ್ಕಾರ ಅದನ್ನು ತುಳಿಯಲು ದಾರಿ ಕೊಟ್ಟಿತೇ? ನಮ್ಮ ಕಡೆ ಕಬ್ಬಿನ ಹಂಗಾಮು ಬಂತೆಂದರೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಸ್ತೆ ತುಂಬ. ಹಿಂದೆ ಕೆಂಪು ದೀಪವಿಲ್ಲ, ಪಕ್ಕಕ್ಕೆ ಇಳಿಯಲು ಜಾಗವಿಲ್ಲ. ಅದರ ಬದಿಯಲ್ಲೇ ನಮ್ಮ ಹೆಣ್ಣುಮಕ್ಕಳು ಸೈಕಲ್ ತುಳಿದು ಶಾಲೆಗೆ ಹೋಗುತ್ತಾರೆ. ಅವರು ದೂರು ಬರೆದರೆ ಯಾವ ಭಾಷೆಯಲ್ಲಿ ಬರೆಯುತ್ತಾರೆ?

ಆ ಹುಡುಗ ಪ್ಲಾಸ್ಟರ್ ಬಿಚ್ಚಿಸಿಕೊಂಡು ಮತ್ತೆ ಬೆಂಗಳೂರಿಗೆ ಹೋದ. ಹೋಗುವಾಗ ಅವನ ದೂರನ್ನು ದೊಡ್ಡ ಅಕ್ಷರದಲ್ಲಿ ಜೋಡಿಸಿ, ಹತ್ತು ಪ್ರತಿ ಅಚ್ಚು ಹಾಕಿ ಕೊಟ್ಟೆ. ಕನ್ನಡದಲ್ಲೇ. ನಿಮ್ಮ ಬಡಾವಣೆಯ ಕಂಬದ ಮೇಲೆ ಕಂಡರೆ ದಯವಿಟ್ಟು ಹರಿಯಬೇಡಿ, ಓದಿ.

ಸಿರಿಗನ್ನಡಂ ಗೆಲ್ಗೆ!